ಮಳೆಕಾಡಿನಲ್ಲಿ ಒಂದು ಹಗಲು

ಮಲೆನಾಡಿನ ಕಾಡನ್ನು ಒಂದು ದಿನದ ಮಟ್ಟಿಗಾದರೂ ಕಣ್ತುಂಬ ನೋಡಿ ಬರಬೇಕೆಂಬ ಆಸೆ ಬಯಲುಸೀಮೆಯ ಬಹುಮಂದಿಯಲ್ಲಿ ಇದ್ದೇ ಇದೆ. ಈಚಿನ ವರ್ಷಗಳಲ್ಲಿ ನಿವೃತ್ತರ ಬಳಗಗಳು, ಬೆಳಗಿನ ವಾಯುವಿಹಾರದ ಗೆಳೆಯರು, ಮಹಿಳಾ ಸಂಘಗಳ ಸದಸ್ಯೆಯರು ವಾಹನ ಮಾಡಿಕೊಂಡು ಆಗುಂಬೆ, ಕುದುರೆಮುಖ, ಕೊಡಚಾದ್ರಿಗಳತ್ತ ಹೊರಡುತ್ತಿರುವುದು ಸಂತೋಷದ ಸಂಗತಿ. ಆದರೆ ಹೊರಡುವ ಮುನ್ನ ಅವರು ವೈದ್ಯರಲ್ಲಿ ಕೇಳುವ ಪ್ರಶ್ನೆಗಳನ್ನು ಗಮನಿಸಿದರೆ, ಕಾಡಿನ ಕುರಿತ ನಮ್ಮ ಭಯ ಸಲ್ಲದ ಕಡೆಗೆ ಹರಿಯುತ್ತಿದೆ ಎನಿಸುತ್ತದೆ. ಹುಲಿ ಎದುರಾದೀತೇ, ಕಾಳಿಂಗ ಸರ್ಪ ಕಚ್ಚೀತೇ, ಆನೆ ಅಟ್ಟಿಸಿಕೊಂಡು ಬಂದೀತೇ ಎಂಬುವೇ ಆ ಪ್ರಶ್ನೆಗಳು. ಯಾವ ತಿಂಗಳಲ್ಲಿ ಹೋಗಬೇಕು, ಬಂದ ಮೇಲೆ ಎಷ್ಟು ದಿನ ಜ್ವರದ ಬಗ್ಗೆ ಎಚ್ಚರದಿಂದಿರಬೇಕು ಎಂದು ಕೇಳುವವರು ತೀರ ವಿರಳ. ಮಳೆಕಾಡಿನಲ್ಲಿ ಆರೋಗ್ಯಕ್ಕೆ ನಿಜವಾದ ತೊಡಕು ಒದಗುವುದು ಎಳ್ಳುಕಾಳಿನಷ್ಟು ಗಾತ್ರದ ಜೀವಿಗಳಿಂದ, ಪಾಚಿಗಟ್ಟಿದ ಕಲ್ಲಿನಿಂದ ಮತ್ತು ಅರಿವಿಗೆ ಬಾರದಂತೆ ಸೋರಿಹೋಗುವ ಬೆವರಿನಿಂದ.

ಕಳೆದ ಕಾರ್ತಿಕ ಮಾಸದಲ್ಲಿ ಉತ್ತರ ಕರ್ನಾಟಕದ ಹದಿನಾಲ್ಕು ಜನರ ತಂಡವೊಂದರ ಜೊತೆಯಲ್ಲಿ, ವೈದ್ಯನೆಂಬ ನೆಲೆಯಲ್ಲಿ, ನಾನೂ ಆಗುಂಬೆಯ ಕಾಡಿನಲ್ಲಿ ಒಂದು ಹಗಲು ನಡೆದೆ. ತಂಡದ ಹೆಚ್ಚಿನವರು 50 ದಾಟಿದವರು. ಇಬ್ಬರಿಗೆ ಸಕ್ಕರೆ ಕಾಯಿಲೆ, ನಾಲ್ವರಿಗೆ ರಕ್ತದೊತ್ತಡ, ಒಬ್ಬರು ಹೃದಯದ ಚಿಕಿತ್ಸೆಯ ಬಳಿಕ ರಕ್ತ ತೆಳುವಾಗಿಸುವ ಗುಳಿಗೆ ಸೇವಿಸುತ್ತಿದ್ದವರು. ಇಂಥವರು ಕಾಡಿಗೆ ಹೋಗಲೇಬಾರದೆಂದು ನಾನು ಹೇಳುವುದಿಲ್ಲ. ಹೋಗುವ ಕ್ರಮವನ್ನು ತಿಳಿದುಕೊಂಡು, ಬಲ್ಲವರ ಬೆನ್ನಹಿಂದೆ ಹೋಗಬೇಕು.

ಆಗುಂಬೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿ, ಘಟ್ಟದ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 650 ಮೀಟರು ಎತ್ತರದಲ್ಲಿರುವ ಪುಟ್ಟ ಊರು. ಅರಬ್ಬೀ ಸಮುದ್ರದಿಂದ ತೇವವನ್ನು ಹೊತ್ತು ಬರುವ ನೈಋತ್ಯ ಮಾರುತ ಕರಾವಳಿಯ ಬಯಲನ್ನು ದಾಟಿ ಇಲ್ಲಿ ಗೋಡೆಯಂಥ ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಏರಿದ ಗಾಳಿ ತಣಿದು ಮಳೆಯಾಗಿ ಸುರಿಯುತ್ತದೆ. ವರ್ಷದ ಸರಾಸರಿ ಮಳೆ 7000 ಮಿಲಿಮೀಟರಿಗೂ ಹೆಚ್ಚು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಇಲ್ಲಿ 4508 ಮಿಲಿಮೀಟರ್ ಮಳೆ ದಾಖಲಾಗಿದೆ. ಬೆಂಗಳೂರಿಗೆ ನಾಲ್ಕು ವರ್ಷಗಳಲ್ಲಿ ಬೀಳುವಷ್ಟು ಮಳೆ ಒಂದು ತಿಂಗಳಲ್ಲಿ ಎಂದರೆ ಓದುಗರಿಗೆ ಅಂದಾಜಾದೀತು. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಆಗುಂಬೆಯ ಕಾಯ್ದಿಟ್ಟ ಅರಣ್ಯವೂ, ಅದಕ್ಕೆ ಹೊಂದಿಕೊಂಡ ಸೋಮೇಶ್ವರ ಅಭಯಾರಣ್ಯವೂ ಅವುಗಳಲ್ಲಿದ್ದವು. ಇಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವುದು ಅಪರಾಧ; ಯಾವ ದಾರಿ ಯಾವಾಗ ತೆರೆದಿರುತ್ತದೆಂಬುದನ್ನು ಮೊದಲೇ ವಿಚಾರಿಸಿಕೊಂಡು ಹೋಗಬೇಕು.

ತಿಂಗಳ ಆಯ್ಕೆ

ನಾವು ಅಕ್ಟೋಬರ್ ಕೊನೆಯ ವಾರವನ್ನು ಆರಿಸಿಕೊಂಡುದಕ್ಕೆ ಕಾರಣವಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಡು ಅತ್ಯಂತ ಸುಂದರ. ಆದರೆ ಹೊಳೆಗಳು ಕ್ಷಣದಲ್ಲಿ ಉಕ್ಕುತ್ತವೆ, ಬಂಡೆಗಳು ಸಾಬೂನು ಬಳಿದಂತೆ ಜಾರುತ್ತವೆ. 60ರ ಹರೆಯದಲ್ಲಿ ತೊಡೆಯ ಮೂಳೆ ಮುರಿದುಕೊಂಡರೆ ಅದರ ಪರಿಣಾಮ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾದರೆ ಡಿಸೆಂಬರ್, ಜನವರಿ, ಫೆಬ್ರವರಿಗಳು ಸೂಕ್ತವಲ್ಲವೇ ಎಂದು ಕೇಳಬಹುದು. ಮಳೆ ಇಲ್ಲ, ಇಂಬಳ ಕಡಿಮೆ, ಹವೆ ಹಿತಕರ. ಪ್ರವಾಸಿಗರ ದಟ್ಟಣೆ ಇರುವುದೂ ಆಗಲೇ. ಆದರೆ ನೋಡಲು ನಿರಪಾಯಕರವಾದ ಈ ತಿಂಗಳುಗಳೇ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ತೀವ್ರ ಜ್ವರ ಕಾಣಿಸಿಕೊಂಡಿತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಆಫ್ರಿಕದ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಆತಂಕ ಅವರದು. ಪರೀಕ್ಷಿಸಿದಾಗ ಅದುವರೆಗೆ ಜಗತ್ತಿಗೆ ತಿಳಿಯದಿದ್ದ ವೈರಾಣು ಸಿಕ್ಕಿತು. ಆ ಕಾಡಿನ ಹೆಸರೇ ರೋಗಕ್ಕೂ ಬಂದು, ಜಗತ್ತಿನ ವೈದ್ಯಗ್ರಂಥಗಳಲ್ಲಿ ಅದು ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂದು ಸ್ಥಿರವಾಯಿತು. ಇದನ್ನು ಹರಡುವುದು ಕಾಡಿನ ಉಣುಗು. ಉಣುಗಿನ ಮರಿಗಳು ಮಳೆಗಾಲ ಮುಗಿದ ಮೇಲೆ ಬೆಳೆಯತೊಡಗಿ, ಎಳ್ಳುಕಾಳಿನಷ್ಟು ಗಾತ್ರದ ನಡುಹಂತಕ್ಕೆ ಬರುವುದು ನವೆಂಬರ್ ನಂತರ. ರಕ್ತಕ್ಕಾಗಿ ಒಣಗಿದ ತರಗೆಲೆ, ಹುಲ್ಲು, ಕುರುಚಲುಗಳ ತುದಿಯಲ್ಲಿ ಕಾದು ಕುಳಿತಿರುವ ಈ ನಡುಹಂತದ ಉಣುಗುಗಳೇ ಮನುಷ್ಯರಿಗೆ ರೋಗವನ್ನು ದಾಟಿಸುವುದರಲ್ಲಿ ಮುಖ್ಯ. ಮೇ ತಿಂಗಳವರೆಗೂ ಈ ಅಪಾಯ ಇದ್ದೇ ಇರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಅದು ಶಿಖರಕ್ಕೇರುತ್ತದೆ. ಮುಸಿಯ ಮತ್ತು ಕೆಂಪು ಮುಖದ ಮಂಗಗಳು ಈ ವೈರಾಣುವಿಗೆ ಬೇಗ ಬಲಿಯಾಗುತ್ತವೆ. ಸತ್ತ ಮಂಗದ ಮೈಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ನೆಲದಲ್ಲಿ ಹರಡುವುದರಿಂದ ಮಂಗ ಸತ್ತ ಜಾಗ ಬಹುಕಾಲ ಅಪಾಯದ ಜಾಗವಾಗಿರುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡುವುದಿಲ್ಲ ಎಂಬುದೊಂದು ಸಮಾಧಾನ. ಸೋಂಕು ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ ಎಂಬುದು ಸಮಾಧಾನದ ಮಾತಲ್ಲ. ಹಿಂದೆ ನೀಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ಈಚೆಗೆ ಅದರ ಬಳಕೆಯನ್ನು ನಿಲ್ಲಿಸಲಾಗಿದೆ. ಆದ್ದರಿಂದ ಮೈಗೆ ಉಣುಗು ಹತ್ತದಂತೆ ನೋಡಿಕೊಳ್ಳುವುದೇ ಈಗಿರುವ ದಾರಿ.

ಮಳೆ ಬಿಟ್ಟು, ಉಣುಗು ಬಲಿಯುವ ಮುನ್ನ ಸಿಗುವ ಆ ಕಿರು ಅವಧಿಯನ್ನು ಹಿಡಿಯಬೇಕು. ಅಪಾಯ ಆಗ ಸೊನ್ನೆಯೇನಲ್ಲ, ಕಡಿಮೆ, ಅಷ್ಟೆ.

ನಡಿಗೆಗೆ ಮುನ್ನ

ಬೆಳಗ್ಗೆ 7 ಗಂಟೆಗೆ ನಮ್ಮನ್ನು ಎದುರುಗೊಂಡ ಮಾರ್ಗದರ್ಶಿ ಅದೇ ಸೀಮೆಯ ರೈತ. 45ರ ಆಸುಪಾಸಿನ, ಮಿತಭಾಷಿಯಾದ ಮನುಷ್ಯ. ಅವರು ಮೊದಲು ಮಾಡಿದ ಕೆಲಸ ನಮ್ಮ ಪಾದಗಳನ್ನು ನೋಡಿದ್ದು. ಚಪ್ಪಲಿ ಧರಿಸಿ ಬಂದಿದ್ದ ಇಬ್ಬರಿಗೆ ಊರಿನಲ್ಲಿಯೇ ಉಳಿಯುವಂತೆ ವಿನಯದಿಂದ, ಆದರೆ ಎರಡು ಮಾತಿಗೆ ಎಡೆಯಿಲ್ಲದಂತೆ ಹೇಳಿದರು. ಅವರಿಗೆ ನಮ್ಮ ವಾಹನದ ಚಾಲಕ ತನ್ನಲ್ಲಿದ್ದ ಹೆಚ್ಚುವರಿ ಬೂಟುಗಳನ್ನು ಒದಗಿಸಿದ ಮೇಲೆಯೇ ತಂಡ ಪೂರ್ಣವಾಯಿತು. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತೂರಿಸಬೇಕು, ತೋಳು ಪೂರ್ತಿ ಮುಚ್ಚಿರಬೇಕು, ಬಟ್ಟೆ ತಿಳಿಬಣ್ಣದ್ದಾಗಿರಬೇಕು. ಕಪ್ಪು ಬಟ್ಟೆಯ ಮೇಲೆ ಹರಿದಾಡುವ ಉಣುಗು ಕಣ್ಣಿಗೆ ಬೀಳುವುದಿಲ್ಲ. ಬಳಿಕ ಒಂದು ಸೀಸೆಯಿಂದ ಎಣ್ಣೆ ತೆಗೆದು ಕೈಕಾಲಿಗೆ, ಕತ್ತಿನ ಹಿಂಭಾಗಕ್ಕೆ ಹಚ್ಚಿಕೊಳ್ಳಲು ಕೊಟ್ಟರು. ಗ್ವಾಲಿಯರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ರೂಪುಗೊಂಡ ‘ಡೇಪಾ’ ಎಂಬ ಕೀಟನಿವಾರಕದ ಎಣ್ಣೆ ಅದು. ಮಲೆನಾಡಿನಲ್ಲಿ ಆರೋಗ್ಯ ಇಲಾಖೆ ಇದನ್ನು ಹಂಚುತ್ತದೆ. ಹಚ್ಚಿಕೊಂಡ ಕೈಯನ್ನು ಕಣ್ಣಿಗೆ, ಬಾಯಿಗೆ ತಾಗಿಸಬಾರದು. ಬೆವರಿದರೆ ಮತ್ತೆ ಹಚ್ಚಬೇಕು.

ಸಕ್ಕರೆ ಕಾಯಿಲೆಯವರು ಬೆಳಗಿನ ತಿಂಡಿ ತಪ್ಪಿಸದೆ ಗುಳಿಗೆ ತೆಗೆದುಕೊಂಡಿದ್ದಾರೆಯೇ, ಕಿಸೆಯಲ್ಲಿ ಬೆಲ್ಲದ ತುಂಡು ಇದೆಯೇ ಎಂದು ನಾನು ವಿಚಾರಿಸಿದೆ. ದೀರ್ಘ ನಡಿಗೆಯಲ್ಲಿ ರಕ್ತದ ಸಕ್ಕರೆ ಥಟ್ಟನೆ ಕುಸಿಯುವುದುಂಟು; ಆಗ ಬೆವರು, ನಡುಕ, ಮಂಕು ಕವಿದಂತಾಗುತ್ತದೆ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಗುಳಿಗೆ ಸೇವಿಸುವವರು ಅಂದು ಅದನ್ನು ಯಾವಾಗ ತೆಗೆದುಕೊಳ್ಳಬೇಕೆಂದು ತಮ್ಮ ವೈದ್ಯರನ್ನು ಮೊದಲೇ ಕೇಳಿಕೊಳ್ಳುವುದು ಒಳಿತು. ತಾವಾಗಿಯೇ ನಿಲ್ಲಿಸಬಾರದು.

ಕಾಡಿನ ಒಳಗೆ

ಕಾಡಿನ ಅಂಚು ದಾಟಿದೊಡನೆ ಬೆಳಕು ಬದಲಾಯಿತು. ಮಳೆಕಾಡಿನ ಮೇಲ್ಚಾವಣಿ ಎಷ್ಟು ಬಿಗಿಯಾಗಿ ಹೆಣೆದುಕೊಂಡಿರುತ್ತದೆಂದರೆ ಬಿಸಿಲಿನ ನೂರರಲ್ಲಿ ಒಂದೆರಡು ಪಾಲು ಮಾತ್ರ ನೆಲ ಮುಟ್ಟುತ್ತದೆ. ಹಲಗೆಯಂಥ ಬೇರುಗಳನ್ನು ಸುತ್ತಲೂ ಚಾಚಿ ನಿಂತ ಮರಗಳು, ಸಾಲುಧೂಪ, ಬಲಗಿ, ರಾಮಪತ್ರೆ, ಹೆಬ್ಬಲಸು. ಅವುಗಳ ಕೆಳಗೆ ಉಪ್ಪಾಗೆ, ಮುರುಗಲು. ಇನ್ನೂ ಕೆಳಗೆ ಬೆತ್ತದ ಮುಳ್ಳುಬಳ್ಳಿ. ಬೇರು ಆಳಕ್ಕಿಳಿಯದೆ ಅಗಲಕ್ಕೆ ಹರಡುವುದೇಕೆಂದು ಒಬ್ಬರು ಕೇಳಿದರು. ಇಷ್ಟು ಹಸಿರು ಕಂಡರೂ ಇಲ್ಲಿನ ಮಣ್ಣಿನ ಸಾರ ಮೇಲ್ಪದರದಲ್ಲಿ ಮಾತ್ರ. ಬಿದ್ದ ಎಲೆ ತೇವಕ್ಕೆ, ಅಣಬೆಗೆ, ಗೆದ್ದಲಿಗೆ ಸಿಕ್ಕಿ ಬೇಗ ಕೊಳೆಯುತ್ತದೆ. ಆ ಸಾರವನ್ನು ಮಳೆ ತೊಳೆದೊಯ್ಯುವ ಮುನ್ನ ಬೇರು ಹೀರಿಕೊಳ್ಳಬೇಕು. ನಮ್ಮ ಕಪ್ಪು ಎರೆಮಣ್ಣಿನ ಹೊಲದಲ್ಲಿ ಸಂಪತ್ತು ನೆಲದಲ್ಲಿದ್ದರೆ ಇಲ್ಲಿ ಅದು ಮರದಲ್ಲಿದೆ. ಮರ ಕಡಿದು ಹೊರಗೆ ಸಾಗಿಸಿದರೆ ಉಳಿಯುವುದು ಬಡವಾದ ಕೆಂಪು ನೆಲ.

ಎಲೆಗಳ ತುದಿ ಬಾಲದಂತೆ ಚೂಪಾಗಿ ಇಳಿದಿರುವುದನ್ನು ಮಾರ್ಗದರ್ಶಿ ತೋರಿಸಿದರು. ಮಳೆನೀರು ಎಲೆಯ ಮೇಲೆ ನಿಂತರೆ ಪಾಚಿ ಬೆಳೆಯುತ್ತದೆ; ಆ ಚೂಪು ತುದಿಯಿಂದ ನೀರು ಬೇಗ ತೊಟ್ಟಿಕ್ಕಿ ಹೋಗುತ್ತದೆ. ಹತ್ತಾರು ಹೆಜ್ಜೆಗೊಮ್ಮೆ ಅವರು ನಿಲ್ಲುತ್ತಿದ್ದರು. ಒಮ್ಮೆ ಕೆಂದಳಿಲು ಕೊಂಬೆಯಿಂದ ಕೊಂಬೆಗೆ ನೆಗೆದದ್ದು, ಒಮ್ಮೆ ದೂರದಲ್ಲಿ ರೆಕ್ಕೆಯ ಭಾರೀ ಸದ್ದು ಮಾಡುತ್ತ ಮಂಗಟ್ಟೆ ಹಾರಿದ್ದು, ಒಮ್ಮೆ ಮರದ ತೊಗಟೆಯಲ್ಲಿ ತೊಗಟೆಯೇ ಆಗಿ ಕುಳಿತಿದ್ದ ಹಾರುವ ಓತಿ. ತೇಜಸ್ವಿಯವರ ‘ಕರ್ವಾಲೊ’ ಓದಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಅದನ್ನು ಕಂಡು ಮಾತೇ ಆಡದೆ ಐದು ನಿಮಿಷ ನಿಂತುಬಿಟ್ಟರು. ನಾವು ಹಾಗೆ ನಿಂತು ನಡೆಯುತ್ತಿದ್ದುದರಿಂದ ನಾಲ್ಕು ಕಿಲೋಮೀಟರಿಗೆ ಮೂರೂವರೆ ಗಂಟೆ ಹಿಡಿಯಿತು. ಹೃದ್ರೋಗಿಗೂ ಮಂಡಿನೋವಿನವರಿಗೂ ಒಗ್ಗುವ ವೇಗ ಅದೇ. ತಾನು ಎಷ್ಟು ಗಟ್ಟಿಗನೆಂದು ತೋರಿಸಲು ಓಡುವ ಮಾರ್ಗದರ್ಶಿ ಸಿಕ್ಕರೆ ಅಂಥವರನ್ನು ಬಿಟ್ಟುಬಿಡುವುದೇ ಕ್ಷೇಮ.

ಇಲ್ಲೊಂದು ಅಂಶವನ್ನು ಬಯಲುಸೀಮೆಯ ಓದುಗರು ವಿಶೇಷವಾಗಿ ಗಮನಿಸಬೇಕು. 40 ಡಿಗ್ರಿ ಬಿಸಿಲಿನಲ್ಲಿ ಹೊಲದ ಕೆಲಸ ಮಾಡಿ ಮೈಗೂಡಿಸಿಕೊಂಡವರಿಗೆ 26 ಡಿಗ್ರಿಯ ತಂಪು ನೆರಳು ಯಾವ ಲೆಕ್ಕ ಎನಿಸುವುದು ಸಹಜ. ಆದರೆ ದೇಹ ತಣಿಯುವುದು ಬೆವರು ಸುರಿಯುವುದರಿಂದಲ್ಲ, ಸುರಿದ ಬೆವರು ಆರುವುದರಿಂದ. ಕಲಬುರ್ಗಿಯ ಒಣಗಾಳಿಯಲ್ಲಿ ಬೆವರು ಮೂಡಿದೊಡನೆ ಆರಿ ಮೈ ತಂಪಾಗುತ್ತದೆ. ಮಳೆಕಾಡಿನ ಗಾಳಿ ಆಗಲೇ ನೀರಿನಿಂದ ತುಂಬಿರುವುದರಿಂದ ಬೆವರು ಆರುವುದಿಲ್ಲ. ದೇಹ ಮತ್ತಷ್ಟು ಬೆವರುತ್ತದೆ, ಬಟ್ಟೆ ತೊಯ್ಯುತ್ತದೆ, ನೀರೂ ಉಪ್ಪೂ ನಷ್ಟವಾಗುತ್ತವೆ, ತಂಪು ಮಾತ್ರ ಸಿಗುವುದಿಲ್ಲ. ಬಿಸಿಲು ಕಾಣದ ಕಾರಣ ಬಾಯಾರಿಕೆಯೂ ಬೇಗ ತೋರುವುದಿಲ್ಲ. ತಂಡದಲ್ಲಿ 64 ವರ್ಷದ ಗಟ್ಟಿಮುಟ್ಟಾದ ರೈತರೊಬ್ಬರಿಗೆ 10 ಗಂಟೆಯ ಹೊತ್ತಿಗೆ ತಲೆ ಹಗುರಾಗಿ, ಮೀನಖಂಡ ಹಿಡಿದುಕೊಂಡಿತು. ಕೂರಿಸಿ, ಬೂಟು ಸಡಿಲಿಸಿ, ಉಪ್ಪು ಹಾಕಿದ ಮಜ್ಜಿಗೆ ಎರಡು ಲೋಟ ಕುಡಿಸಿದೆವು. ಅರ್ಧ ಗಂಟೆಯಲ್ಲಿ ಸುಧಾರಿಸಿದರು. ಅವರು ಬೆಳಗಿನಿಂದ ಒಂದು ಗುಟುಕೂ ನೀರು ಕುಡಿದಿರಲಿಲ್ಲ. ಕಾಡಿನಲ್ಲಿ ಮೂತ್ರಕ್ಕೆ ಹೋಗಬೇಕಾದೀತೆಂಬ ಸಂಕೋಚ. ಮಹಿಳೆಯರಲ್ಲಿ ಈ ಸಂಕೋಚ ಇನ್ನೂ ಹೆಚ್ಚು. ತಂಡದ ಹಿರಿಯರು ಇದನ್ನು ಮೊದಲೇ ಬಾಯಿಬಿಟ್ಟು ಮಾತನಾಡಿ, ಮಾರ್ಗದರ್ಶಿಯ ನೆರವಿನಿಂದ ವ್ಯವಸ್ಥೆ ಮಾಡಿಕೊಳ್ಳಬೇಕು. ಬಾಯಾರಲಿ ಬಿಡಲಿ, ಅರ್ಧ ಗಂಟೆಗೊಮ್ಮೆ ಅರ್ಧ ಲೋಟ ನೀರು ಒಳಗೆ ಹೋಗಬೇಕು. ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸದೆ ಕುಡಿಯತಕ್ಕದ್ದಲ್ಲ.

ತೊರೆಯ ದಡದಲ್ಲಿ ಇಂಬಳಗಳ ಪರಿಚಯವಾಯಿತು. ಕಡ್ಡಿಯಂತೆ ಎದ್ದು ನಿಂತು, ತಲೆಯಾಡಿಸುತ್ತ, ನಮ್ಮ ಉಸಿರು ಮತ್ತು ಮೈಶಾಖದ ಜಾಡು ಹಿಡಿದು ಬರುವ ಅವುಗಳನ್ನು ಕಂಡು ಕಿರುಚಿದವರೂ ಇದ್ದರು. ಇಂಬಳದ ಕಡಿತ ಅಸಹ್ಯಕರವಾದರೂ ಅಪಾಯಕಾರಿಯಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿದೆ. ಜಿಗಣೆಯಲ್ಲಿ ಇಂಥ ವಸ್ತುವಿರುವುದನ್ನು 1884ರಲ್ಲಿ ಜಾನ್ ಹೇಕ್ರಾಫ್ಟ್ ಎಂಬ ವಿಜ್ಞಾನಿ ಗುರುತಿಸಿದರು. ನಮ್ಮ ಸುಶ್ರುತಸಂಹಿತೆಯಂತೂ ಜಿಗಣೆಗಳಲ್ಲಿ ಹನ್ನೆರಡು ಬಗೆಗಳನ್ನು ಹೇಳಿ, ಆರು ವಿಷವುಳ್ಳವು, ಆರು ಚಿಕಿತ್ಸೆಗೆ ಯೋಗ್ಯ ಎಂದು ವಿಂಗಡಿಸಿದೆ. ಕಚ್ಚಿದ ಇಂಬಳವನ್ನು ಕಿತ್ತೆಳೆಯಬಾರದು. ಬೀಡಿಯಿಂದ ಸುಡುವುದೂ ಬೇಡ. ಹಾಗೆ ಮಾಡಿದರೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೆ ಕಾರಿ ಸೋಂಕಾಗಬಹುದು. ತೆಳ್ಳನೆಯ ತುದಿಯ ಬಳಿ ಉಗುರನ್ನು ಚರ್ಮಕ್ಕೆ ಒತ್ತಿ ಸರಿಸಿದರೆ ಹಿಡಿತ ಬಿಡುತ್ತದೆ. ಬಳಿಕ ಸಾಬೂನಿನಿಂದ ತೊಳೆದು, ಶುಭ್ರವಾದ ಬಟ್ಟೆಯಿಂದ ಹತ್ತು ನಿಮಿಷ ಬಿಗಿಯಾಗಿ ಒತ್ತಿ ಹಿಡಿಯಬೇಕು. ರಕ್ತ ಕೆಲವು ಗಂಟೆ ಒಸರುವುದು ಸಾಮಾನ್ಯ. ರಕ್ತ ತೆಳುವಾಗಿಸುವ ಗುಳಿಗೆ ಸೇವಿಸುತ್ತಿದ್ದ ನಮ್ಮ ಸಹಯಾತ್ರಿಕರಿಗೆ ಮಾತ್ರ ಎರಡು ಪದರ ಕಾಲುಚೀಲ ಹಾಕಿಸಿ, ಅವರನ್ನು ತೊರೆಯ ದಾರಿಯಿಂದ ದೂರವೇ ಇರಿಸಿದ್ದೆವು. ಕಾಲಿನಲ್ಲಿ ಗಾಯವಿರುವವರು ನಿಂತ ನೀರಿಗೆ, ಕೆಸರಿಗೆ ಇಳಿಯಬಾರದು. ಇಲಿ ಜ್ವರದ ಜೀವಾಣು ಒಳಸೇರುವುದು ಅಂಥ ಗಾಯಗಳ ಮೂಲಕ.

ಹಾವಿನ ವಿಚಾರ ಕೇಳದಿದ್ದರೆ ಓದುಗರಿಗೆ ತೃಪ್ತಿಯಾಗಲಾರದು. ಆಗುಂಬೆ ಕಾಳಿಂಗ ಸರ್ಪಕ್ಕೆ ಹೆಸರಾದ ಊರು. ಉರಗತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ್ದು ಮುಖ್ಯವಾಗಿ ಈ ಹಾವಿಗಾಗಿ. ತರಗೆಲೆ ಕೂಡಿಸಿ ಗೂಡು ಕಟ್ಟಿ ಮೊಟ್ಟೆಯಿಡುವ ಹಾವು ಇದು. ಇದರ ಮುಖ್ಯ ಆಹಾರ ಇತರ ಹಾವುಗಳು. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದವೆಂದು ನಿರ್ಣಯಿಸಿ, ಅದರ ವೈಜ್ಞಾನಿಕ ಹೆಸರಿಗೆ ಕನ್ನಡದ ‘ಕಾಳಿಂಗ’ ಎಂಬ ಪದವನ್ನೇ ಸೇರಿಸಿದ್ದಾರೆ. ಮನುಷ್ಯನನ್ನು ಕಂಡರೆ ಅದು ಸರಿದುಹೋಗುವುದೇ ಹೆಚ್ಚು. ನಮಗಂತೂ ಕಾಣಲಿಲ್ಲ. ನಡೆಯುವವರು ಹೆಚ್ಚು ಎಚ್ಚರ ವಹಿಸಬೇಕಾದುದು ತರಗೆಲೆಯ ನಡುವೆ ತರಗೆಲೆಯ ಬಣ್ಣದಲ್ಲೇ ಮಲಗಿರುವ ಗೇಣುದ್ದದ ಗುಳಿಮಂಡಲ ಹಾವುಗಳಿಗೆ. ಬಿದ್ದ ಮರವನ್ನು ದಾಟುವಾಗ ಆಚೆ ಏನಿದೆಯೆಂದು ನೋಡದೆ ಕಾಲಿಡಬಾರದು. ಆಸರೆಗೆಂದು ಕೈಯನ್ನು ಎಲ್ಲೆಂದರಲ್ಲಿ ಇಡಬಾರದು. ಭಾರತದಲ್ಲಿ ತಯಾರಾಗುವ ವಿಷಹಾರಿ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಮಾತ್ರ ಸಿದ್ಧವಾದುದು. ಕಾಳಿಂಗದ ಮತ್ತು ಗುಳಿಮಂಡಲಗಳ ವಿಷಕ್ಕೆ ಅದು ಸಲ್ಲುವುದಿಲ್ಲ. ಹೀಗಿದ್ದರೂ ಆಸ್ಪತ್ರೆಗೆ ಹೋಗುವುದು ನಿರರ್ಥಕವೆಂದು ಭಾವಿಸಬಾರದು; ಉಸಿರಾಟಕ್ಕೆ ಯಂತ್ರದ ನೆರವು, ರಕ್ತಸ್ರಾವದ ಆರೈಕೆ ಸಿಗುವುದು ಅಲ್ಲಿ ಮಾತ್ರ. ಕಚ್ಚಿದ ಅಂಗವನ್ನು ಅಲುಗಾಡದಂತೆ ಇರಿಸಿ, ರೋಗಿಯನ್ನು ನಡೆಸದೆ, ಹೊತ್ತುಕೊಂಡು ಹೋಗಬೇಕು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಎಲ್ಲವೂ ಹಾನಿಕರ. ಆಗುಂಬೆಯಿಂದ ತೀರ್ಥಹಳ್ಳಿ ಸುಮಾರು 35 ಕಿಲೋಮೀಟರ್, ಘಟ್ಟ ಇಳಿದರೆ ಮಣಿಪಾಲ ಸುಮಾರು 55 ಕಿಲೋಮೀಟರ್. ಕಾಡಿನೊಳಗೆ ಮೊಬೈಲ್ ಸಂಪರ್ಕ ಸಿಗುವ ಭರವಸೆಯಿಲ್ಲ. ಎಲ್ಲಿ ಸಂಕೇತ ಸಿಗುತ್ತದೆ, ಯಾವ ಕಾಲುದಾರಿ ಬೇಗ ರಸ್ತೆ ಸೇರುತ್ತದೆ ಎಂಬುದು ಮಾರ್ಗದರ್ಶಿಗೆ ಗೊತ್ತು. ಅವರಿಗೆ ಕೊಡುವ ಹಣ ಮರಗಳ ಹೆಸರು ಹೇಳುವುದಕ್ಕಷ್ಟೇ ಎಂದು ತಿಳಿದು ಚೌಕಾಸಿ ಮಾಡುವವರನ್ನು ಕಂಡಾಗ ನನಗೆ ಖೇದವೆನಿಸುತ್ತದೆ.

ಬಂಡೆಯ ಮೇಲೆ ಕುಳಿತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಆಮೇಲೆ ಮಾರ್ಗದರ್ಶಿ ಹದಿನೈದು ನಿಮಿಷ ಯಾರೂ ಮಾತನಾಡದೆ ಕೂರಬೇಕೆಂದರು. ಮೊದಲು ಕೇಳಿಸಿದ್ದು ಜೀರುಂಡೆಯ ಒಂದೇ ಸದ್ದು. ಕ್ರಮೇಣ ಅದರೊಳಗೆ ನೀರಿನ ಸದ್ದು, ಎಲೆಯಿಂದ ಹನಿ ಬೀಳುವ ಸದ್ದು, ಎಲ್ಲೋ ಸಿಳ್ಳಾರ ಹಕ್ಕಿಯ ಎಳೆ ಎಳೆಯಾದ ಶಿಳ್ಳೆ ಬೇರೆ ಬೇರೆಯಾಗಿ ಕೇಳಿಸತೊಡಗಿದವು. ಆ ಬಳಿಕ ಕುತೂಹಲಕ್ಕೆಂದು ನಾಲ್ವರ ರಕ್ತದೊತ್ತಡ ಅಳೆದೆ. ನಾಲ್ವರಲ್ಲೂ ಬೆಳಗಿಗಿಂತ ಕಡಿಮೆಯಿತ್ತು. ನಾಲ್ಕು ಜನರ ಒಂದು ಅಳತೆಯಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ, ನಿಜ. ಆದರೆ ಜಪಾನಿನ ಅರಣ್ಯ ಇಲಾಖೆ 1982ರಿಂದ ‘ಅರಣ್ಯಸ್ನಾನ’ ಎಂಬ ಹೆಸರಿನಲ್ಲಿ ಇಂಥದೇ ನಿಧಾನದ ನಡಿಗೆಯನ್ನು ಪ್ರೋತ್ಸಾಹಿಸುತ್ತ ಬಂದಿದೆ. ಅಲ್ಲಿ ನಡೆದ ಅಧ್ಯಯನಗಳಲ್ಲಿ ರಕ್ತದೊತ್ತಡ, ನಾಡಿಬಡಿತ, ಒತ್ತಡದ ಹಾರ್ಮೋನುಗಳು ತಗ್ಗಿದ್ದು ಕಂಡುಬಂದಿದೆ. 1984ರಲ್ಲಿ ರೋಜರ್ ಉಲ್ರಿಚ್ ಎಂಬವರು ಪ್ರಕಟಿಸಿದ ಅಧ್ಯಯನವೂ ಪ್ರಸಿದ್ಧ: ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ನೋವಿನ ಪ್ರಬಲ ಔಷಧಗಳನ್ನೂ ಕಡಿಮೆ ಬಳಸಿದರು. ಈ ಅಧ್ಯಯನಗಳಲ್ಲಿ ಹೆಚ್ಚಿನವು ಸಣ್ಣ ಗುಂಪುಗಳ ಮೇಲೆ ನಡೆದಂಥವು. ಕಾಡಿನ ನಡಿಗೆ ಗುಳಿಗೆಯ ಬದಲಿಯಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಮರಳಿದ ಮೇಲೆ

ಇಳಿಜಾರಿನಲ್ಲಿ ಮಂಡಿಯ ಮೇಲೆ ಬೀಳುವ ಭಾರ ಹೆಚ್ಚು. ಊರುಗೋಲು ಇರಲಿ, ಹೆಜ್ಜೆ ಚಿಕ್ಕದಿರಲಿ. ಸಂಜೆ 4ರೊಳಗೆ ನಾವು ಕಾಡಿನಿಂದ ಹೊರಬಂದೆವು. ತಂಗಿದ್ದ ಮನೆಯಲ್ಲಿ ಬಟ್ಟೆಗಳನ್ನೆಲ್ಲ ಹೊರಗೇ ಕಳಚಿ ಬಿಸಿನೀರಿನಲ್ಲಿ ನೆನೆಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಕಿವಿಯ ಹಿಂಭಾಗ, ಹೊಕ್ಕುಳು, ತಲೆಗೂದಲಿನ ಬುಡ ಇವನ್ನೆಲ್ಲ ಪರೀಕ್ಷಿಸಿಕೊಂಡೆವು. ಒಬ್ಬರ ಸೊಂಟದ ಬಳಿ ಒಂದು ಉಣುಗು ಕಚ್ಚಿಕೊಂಡಿತ್ತು. ಅವರಿಗೆ ನೋವೂ ಇರಲಿಲ್ಲ, ತುರಿಕೆಯೂ ಇರಲಿಲ್ಲ. ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು, ತಿರುಚದೆ, ನೇರವಾಗಿ ಮೇಲೆತ್ತಿ ತೆಗೆದೆ. ಬೆರಳಿನಿಂದ ಹೊಸಕುವುದು, ಸೀಮೆಎಣ್ಣೆ ಸುರಿಯುವುದು ಬೇಡ. ತೆಗೆದ ದಿನಾಂಕವನ್ನು ಅವರ ಔಷಧದ ಚೀಟಿಯ ಮೇಲೆ ಬರೆದುಕೊಟ್ಟೆ.

ಉಣುಗು ಕಚ್ಚಿದವರಿಗೆಲ್ಲ ರೋಗ ಬರುವುದಿಲ್ಲ. ಆದರೆ ಕಾಡಿಗೆ ಹೋಗಿಬಂದ ಪ್ರತಿಯೊಬ್ಬರೂ ಮೂರು ವಾರ ತಮ್ಮ ಮೈಯನ್ನು ಗಮನಿಸುತ್ತಿರಬೇಕು. ಮಂಗನ ಕಾಯಿಲೆ ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನಗಳಲ್ಲಿ ಥಟ್ಟನೆ ಚಳಿಜ್ವರ, ಹಣೆಯ ಭಾಗದಲ್ಲಿ ತೀವ್ರ ತಲೆನೋವು, ಸೊಂಟ ಮತ್ತು ಮೀನಖಂಡಗಳ ಅಸಹನೀಯ ನೋವು, ಕಣ್ಣು ಕೆಂಪಾಗುವುದು, ವಾಂತಿ ಈ ಲಕ್ಷಣಗಳೊಂದಿಗೆ ಆರಂಭವಾಗುತ್ತದೆ. ಕೆಲವರಲ್ಲಿ ವಸಡು, ಮೂಗುಗಳಿಂದ ರಕ್ತ ಬರುತ್ತದೆ. ಇನ್ನು ಕೆಲವರಲ್ಲಿ ಜ್ವರ ಪೂರ್ತಿ ಬಿಟ್ಟು, ವಾಸಿಯಾಯಿತೆಂದುಕೊಂಡ ಒಂದೆರಡು ವಾರಗಳ ಮೇಲೆ ಮರುಕಳಿಸಿ, ಕತ್ತು ಸೆಟೆಯುವುದು, ಮತಿಭ್ರಮೆ, ನಡುಕ ಮುಂತಾದ ಮಿದುಳಿನ ತೊಂದರೆಗಳು ತಲೆದೋರುತ್ತವೆ. ಇದಕ್ಕೆ ನಿರ್ದಿಷ್ಟ ಔಷಧವಿಲ್ಲ. ಆದರೆ ಸಕಾಲದಲ್ಲಿ ಆಸ್ಪತ್ರೆ ಸೇರಿದವರಲ್ಲಿ ಬಹುಪಾಲು ಜನ ಗುಣವಾಗುತ್ತಾರೆ. ಇಲಿ ಜ್ವರ ಮತ್ತು ಕಾಡಿನ ನುಸಿಗಳಿಂದ ಬರುವ ಸ್ಕ್ರಬ್ ಟೈಫಸ್ ಎಂಬ ಜ್ವರವೂ ಇದೇ ಅವಧಿಯಲ್ಲಿ, ಹೆಚ್ಚುಕಡಿಮೆ ಇದೇ ರೂಪದಲ್ಲಿ ಕಾಣಿಸಿಕೊಳ್ಳಬಹುದು. ಅವೆರಡಕ್ಕೂ ಸುಲಭಬೆಲೆಯ, ಪರಿಣಾಮಕಾರಿಯಾದ ಔಷಧಗಳಿವೆ. ತಡವಾದರೆ ಅವೂ ಪ್ರಾಣಕ್ಕೆ ಎರವಾಗುತ್ತವೆ.

ತೊಡಕು ಇರುವುದು ಇಲ್ಲಿಯೇ. ತೀರ್ಥಹಳ್ಳಿಯ ವೈದ್ಯರು ಇಂಥ ಜ್ವರವನ್ನು ಕಂಡೊಡನೆ ಕಾಡಿನ ಬಗ್ಗೆ ಕೇಳುತ್ತಾರೆ. ವಿಜಯಪುರದಲ್ಲೋ ರಾಯಚೂರಿನಲ್ಲೋ ಪ್ರವಾಸ ಮುಗಿಸಿ ಬಂದ ಒಬ್ಬರಿಗೆ ಹತ್ತು ದಿನಗಳ ಮೇಲೆ ಜ್ವರ ಬಂದರೆ, ಅಲ್ಲಿನ ವೈದ್ಯರ ಮನಸ್ಸು ಡೆಂಗಿ, ಟೈಫಾಯ್ಡ್‌ಗಳತ್ತ ಹೋಗುವುದು ಸಹಜ. ‘ಇಂಥ ದಿನ ಆಗುಂಬೆಯ ಕಾಡಿನಲ್ಲಿದ್ದೆ, ಉಣುಗು ಕಚ್ಚಿತ್ತು’ ಎಂಬ ಒಂದು ಮಾತನ್ನು ರೋಗಿಯೇ ಹೇಳಬೇಕು. ಹೇಳಿದರೆ ರಕ್ತದ ಮಾದರಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಹೋಗುತ್ತದೆ. ಹೇಳದಿದ್ದರೆ ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ. ಇನ್ನೊಂದು ಎಚ್ಚರ: ಮೈಕೈ ನೋವು ತಡೆಯಲಾರದೆ ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್, ಡಿಕ್ಲೊಫೆನಾಕ್ ಗುಳಿಗೆಗಳನ್ನು ತಂದು ನುಂಗಬಾರದು. ಇವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಹೃದಯಕ್ಕೆಂದು ನಿತ್ಯ ಆಸ್ಪಿರಿನ್ ಸೇವಿಸುವವರು ಜ್ವರ ಬಂದ ದಿನವೇ ವೈದ್ಯರಿಗೆ ತಿಳಿಸಬೇಕು. ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಮುಟ್ಟದೆ, ಫೋಟೊ ತೆಗೆಯಲೆಂದು ನಿಲ್ಲದೆ, ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸಬೇಕು.

ನಮ್ಮ ತಂಡದ ಹದಿನಾಲ್ವರಿಗೂ ಮೂರು ವಾರಗಳ ಕಾಲ ದೂರವಾಣಿ ಮಾಡಿ ವಿಚಾರಿಸುತ್ತಿದ್ದೆ. ಯಾರಿಗೂ ಜ್ವರ ಬರಲಿಲ್ಲ. ಉಣುಗು ಕಚ್ಚಿಸಿಕೊಂಡವರು ಆ ಚೀಟಿಯನ್ನು ಇನ್ನೂ ಕಿಸೆಯಲ್ಲಿಟ್ಟುಕೊಂಡಿದ್ದಾರಂತೆ.

ಹೊರಡುವ ಸಂಜೆ ಮಾರ್ಗದರ್ಶಿಯನ್ನು ಕೇಳಿದೆ, ತಾವು ಜನವರಿಯಲ್ಲಿ ಏನು ಮಾಡುತ್ತೀರಿ ಎಂದು. ಜನವರಿಯಲ್ಲಿ ಪ್ರವಾಸಿಗರನ್ನು ಕಾಡಿನ ಒಳದಾರಿಗೆ ಕರೆದೊಯ್ಯುವುದಿಲ್ಲವಂತೆ. ಆದರೆ ಅಡಕೆ ತೋಟಕ್ಕೆ, ಕೊಟ್ಟಿಗೆಗೆ ದರಗು ಬೇಕಲ್ಲ. ಅದನ್ನು ಗುಡಿಸಿ ತರಲು ಅವರೂ ಅವರ ಹೆಂಡತಿಯೂ ದಿನವೂ ಕಾಡಿಗೆ ಹೋಗಲೇಬೇಕು. ಒಣಗಿದ ತರಗೆಲೆಯ ಆ ರಾಶಿಯಲ್ಲೇ ಉಣುಗು ಇರುವುದೆಂದು ಅವರಿಗೆ ಚೆನ್ನಾಗಿ ಗೊತ್ತು. ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ, ಮರಳಿದ ಮೇಲೆ ಹಿತ್ತಲಿನಲ್ಲೇ ಬಟ್ಟೆ ಕಳಚಿ ಬಿಸಿನೀರಿನ ಹಂಡೆಗೆ ಹಾಕಿ, ಮಿಂದು, ಆಮೇಲೆ ಒಳಗೆ ಬರುತ್ತಾರೆ. ‘ಎಣ್ಣೆ ಮುಗಿದ ದಿನ?’ ಎಂದೆ. ‘ಮುಗಿಯುವ ಮೊದಲೇ ಆಶಾ ಕಾರ್ಯಕರ್ತೆಯನ್ನು ಕೇಳಿ ತಂದಿಟ್ಟುಕೊಳ್ಳುತ್ತೇವೆ’ ಎಂದು ಹೇಳಿ, ನಮ್ಮ ಕೈಯಲ್ಲಿ ಉಳಿದಿದ್ದ ಅರ್ಧ ಸೀಸೆಯನ್ನು ಮರಳಿ ಪಡೆದುಕೊಂಡರು.